ಡಯಾಲಿಸಿಸ್ ರೋಗಿಯ ಹಸಿವು ಎಲ್ಲಿ ಹೋಗುತ್ತದೆ?

1960ರಲ್ಲಿ ಸಿಯಾಟಲ್‌ನ ಸ್ಕ್ರಿಬ್ನರ್ ಶಂಟ್‌ನಿಂದ (ರಕ್ತನಾಳಗಳಿಗೆ ಜೋಡಿಸಿ ಹಾಗೆಯೇ ಬಿಡುವ ಕೊಳವೆ) ದೀರ್ಘಕಾಲದ ಡಯಾಲಿಸಿಸ್ ಸಾಧ್ಯವಾದಾಗಿನಿಂದ ಮೂರು ದಶಕ, ಊಟ ಸೇರದ ರೋಗಿಗೆ ಸಿಗುತ್ತಿದ್ದ ಉತ್ತರ ಹೆಚ್ಚುಕಡಿಮೆ ಒಂದೇ: ರಕ್ತದಲ್ಲಿ ಕಶ್ಮಲ ಉಳಿದಿದೆ, ಇನ್ನಷ್ಟು ಶುದ್ಧಿ ಮಾಡಬೇಕು. ಮಾಡಿದರೂ ಹಸಿವು ಮರಳದವರು ಇದ್ದೇ ಇದ್ದರು.

1994ರಲ್ಲಿ ನ್ಯೂಯಾರ್ಕ್‌ನ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ ಲೆಪ್ಟಿನ್ ಸಿಕ್ಕಿತು. ಕೊಬ್ಬಿನ ಕೋಶಗಳಿಂದ ಬಂದು ಮಿದುಳಿಗೆ ‘ಸಾಕು’ ಎನ್ನುವ ಹಾರ್ಮೋನು ಇದು. ಇದನ್ನು ರಕ್ತದಿಂದ ತೆಗೆಯುವುದು ಬಹುಪಾಲು ಕಿಡ್ನಿಯೇ. ಕಿಡ್ನಿ ಸೋತರೆ ಮಟ್ಟ ಏರುತ್ತದೆ. ಸುಮಾರು 16,000 ಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಈ ಅಣು, ರಕ್ತ ಸೋಸುವ ಡಯಲೈಸರ್ ಸಣ್ಣ ರಂಧ್ರಗಳ ಲೋ-ಫ್ಲಕ್ಸ್ ಆದರೆ ನುಸುಳದು, ದೊಡ್ಡ ರಂಧ್ರಗಳ ಹೈ-ಫ್ಲಕ್ಸ್‌ನಲ್ಲಿ ಒಂದಿಷ್ಟು ಹೋಗುತ್ತದೆ. ಆದರೆ ಲೆಪ್ಟಿನ್ ಹೆಚ್ಚಿದ್ದೂ ಚೆನ್ನಾಗಿ ಉಣ್ಣುವವರು ಕಂಡುಬಂದು ಲೆಕ್ಕ ತಪ್ಪಿತು.

ನಿಜವಾದ ಗೋಜಲು ಶುರುವಾದದ್ದು ಗ್ರೆಲಿನ್‌ನಿಂದ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಪತ್ತೆಹಚ್ಚಿದ ಇದು ಜಠರದಲ್ಲಿ ಹುಟ್ಟಿ ಹಸಿವು ಕೆರಳಿಸುತ್ತದೆ. ಡಯಾಲಿಸಿಸ್ ರೋಗಿಗಳ ರಕ್ತದಲ್ಲಿ ನೋಡಿದರೆ ಗ್ರೆಲಿನ್ ಜಾಸ್ತಿಯೇ ಇತ್ತು. ಹಾಗಾದರೆ ಹಸಿವೇಕಿಲ್ಲ? ಇದರ 28 ಅಮೈನೊ ಆಮ್ಲಗಳ ಸರಪಳಿಯಲ್ಲಿ ಮೂರನೆಯದಕ್ಕೆ ಎಂಟು ಇಂಗಾಲದ ಕೊಬ್ಬಿನಾಮ್ಲವೊಂದು ಅಂಟಿರಬೇಕು. ಬೀಗಕ್ಕೆ ಕೂರುವ ಬೀಗದಕೈಯ ಹಲ್ಲು ಅದೇ. ಕಿಡ್ನಿ ವೈಫಲ್ಯದಲ್ಲಿ ಹೆಚ್ಚುವುದು ಬಹುಪಾಲು ಆ ಹಲ್ಲಿಲ್ಲದ ರೂಪ. ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಅದು ತಿನ್ನುವುದನ್ನು ತಗ್ಗಿಸಿದ್ದೂ ಉಂಟು. ಹಲವು ಅಧ್ಯಯನಗಳು ಎರಡನ್ನೂ ಸೇರಿಸಿಯೇ ಅಳೆದವು. ಮೇಲಾಗಿ ರಕ್ತ ತೆಗೆದ ನಳಿಕೆಯಲ್ಲೇ ಆ ಕೊಬ್ಬಿನಾಮ್ಲ ಕಳಚಿಬೀಳುತ್ತದೆ: ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು, ಕಿಣ್ವ ತಡೆಯುವ ರಾಸಾಯನಿಕ ಬೆರೆಸಿ, ತಂಪಿನಲ್ಲೇ ಪ್ಲಾಸ್ಮಾ ಬೇರ್ಪಡಿಸಿ, ಅದಕ್ಕೆ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಬೇಕು. ಇಷ್ಟು ಮಾಡದ ಪ್ರಯೋಗಾಲಯದ ಅಂಕಿಗಳನ್ನು ಮಾಡಿದವರ ಅಂಕಿಗಳ ಪಕ್ಕ ಇಟ್ಟರೆ ಪ್ರಯೋಜನವಿಲ್ಲ. ಇಟ್ಟದ್ದೂ ಆಯಿತು.

2005ರಲ್ಲಿ ಸೊರಗಿದ ಡಯಾಲಿಸಿಸ್ ರೋಗಿಗಳಿಗೆ ಗ್ರೆಲಿನ್ ಚುಚ್ಚಿದಾಗ ಮುಂದಿನ ಊಟ ಹೆಚ್ಚಿತು. 2009ರಲ್ಲಿ ಒಂದು ವಾರ ಕೊಟ್ಟಾಗಲೂ ಫಲ ಉಳಿಯಿತು. ಎರಡೂ ಕಡೆ ಇದ್ದವರು ಬೆರಳೆಣಿಕೆಯ ರೋಗಿಗಳು. ಗ್ರೆಲಿನ್‌ನಂತೆ ಕೆಲಸ ಮಾಡುವ ಅನಮೊರೆಲಿನ್ ಮಾತ್ರೆಗೆ 2021ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು, ಕ್ಯಾನ್ಸರ್‌ನಿಂದ ಸೊರಗಿದವರಿಗೆ. ಈ ನಡುವೆ ಹಸಿವು ತಗ್ಗಿಸುವ ಸೆಮಗ್ಲುಟೈಡ್ ಸಕ್ಕರೆ ಕಾಯಿಲೆಯ ಕಿಡ್ನಿ ರೋಗಿಗಳಿಗೆ ಒಳಿತೆಂದು 2024ರ ಫ್ಲೋ ಎಂಬ ಔಷಧ ಪ್ರಯೋಗ ತೋರಿಸಿತು. ಡಯಾಲಿಸಿಸ್‌ನಲ್ಲಿದ್ದವರು ಅದರಲ್ಲಿ ಇರಲಿಲ್ಲ ಎಂಬುದು ಸುದ್ದಿಗಳಲ್ಲಿ ಅಷ್ಟಾಗಿ ಕಾಣಲಿಲ್ಲ.

ಹಾರ್ಮೋನಿನ ಮಾತಿನಲ್ಲಿ ತಟ್ಟೆಯ ಲೆಕ್ಕ ಮರೆಯಾಗುತ್ತದೆ. 60 ಕಿಲೊ ತೂಕದ, ಸಕ್ಕರೆ ಕಾಯಿಲೆ ಇಲ್ಲದ ರೋಗಿಗೆ ಡಯಾಲಿಸಿಸ್‌ಗೆ ಮುಂಚೆ ದಿನಕ್ಕೆ 33ರಿಂದ 36 ಗ್ರಾಂ ಪ್ರೊಟೀನ್ ಎನ್ನುತ್ತಾರೆ. ಡಯಾಲಿಸಿಸ್ ಶುರುವಾದರೆ 60ರಿಂದ 72 ಗ್ರಾಂ ಬೇಕು. ಹಳೆಯ ಪಥ್ಯದ ಚೀಟಿಯನ್ನೇ ಹಿಡಿದು ಬೇಳೆ, ಮೊಟ್ಟೆ ಬಿಟ್ಟವರು ಬಹಳ. ರಕ್ತದ ಆಮ್ಲ ತಗ್ಗಿಸುವ ಬೈಕಾರ್ಬೊನೇಟ್ ಇಳಿದಿರುವುದು, ಮಲಬದ್ಧತೆ, ಜಠರ ನಿಧಾನವಾಗಿ ಖಾಲಿಯಾಗುವುದು, ಖಿನ್ನತೆ, ಇವನ್ನೂ ಮೊದಲು ನೋಡಬೇಕು. ಒಣತೂಕವನ್ನೂ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ) ಆಗಾಗ ಪರಿಷ್ಕರಿಸಬೇಕು: ಮಾಂಸಖಂಡ ಕರಗಿದಷ್ಟು ನೀರು ತುಂಬಿಕೊಂಡರೆ ತಕ್ಕಡಿ ಹಳೆಯ ಅಂಕಿಯನ್ನೇ ತೋರಿಸುತ್ತದೆ, ಬಿಪಿ ಏರಿ ಕಾಲು ಊದಿದಾಗಷ್ಟೇ ಗೊತ್ತಾಗುತ್ತದೆ.