ಗೆದ್ದ ಮತ, ಸಿಗದ ಸ್ವಾತಂತ್ರ್ಯ: ಫರೋ ದ್ವೀಪಗಳ ಸ್ವಾಡಳಿತದ ಹಿನ್ನೆಲೆ

ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಕಡಲಿನಲ್ಲಿರುವ 18 ಫರೋ ದ್ವೀಪಗಳಿಗೆ ತಮ್ಮದೇ ಭಾಷೆ, ಧ್ವಜ, ಸಂಸತ್ತು ಹಾಗೂ ಪ್ರಧಾನಿ ಇದ್ದರೂ, ಅವು ಇಂದಿಗೂ ಡೆನ್ಮಾರ್ಕ್ ರಾಜಸತ್ತೆಯ ಭಾಗವಾಗಿಯೇ ಉಳಿದಿವೆ. ಈ ಸ್ಥಿತಿಯ ಮೂಲವನ್ನು 1946ರ ಒಂದು ಜನಮತಗಣನೆಯಲ್ಲಿ ಹುಡುಕಬೇಕು.

ಫರೋ ಜನರ ಪುರಾತನ ಸಭೆಯಾದ ಲಾಗ್ಟಿಂಗ್ 1816ರಲ್ಲಿ ರದ್ದಾಗಿ, 1852ರಲ್ಲಿ ಕೇವಲ ಸಲಹಾ ಸಭೆಯಾಗಿ ಮರಳಿತ್ತು. 1940ರ ಏಪ್ರಿಲ್‌ನಲ್ಲಿ ಜರ್ಮನಿಯು ಡೆನ್ಮಾರ್ಕನ್ನು ಆಕ್ರಮಿಸಿದಾಗ ಬ್ರಿಟಿಷ್ ಪಡೆಗಳು ದ್ವೀಪಗಳಿಗೆ ಬಂದಿಳಿದವು. ಕೋಪನ್‌ಹೇಗನ್ ಸಂಪರ್ಕ ಕಡಿದುಹೋದ ಆ ಐದು ವರ್ಷ ದ್ವೀಪದವರು ತಮ್ಮ ಆಡಳಿತವನ್ನು ತಾವೇ ನಡೆಸಿದರು, ಸ್ವಂತ ಧ್ವಜ ಹಾರಿಸಿಕೊಂಡು ಬ್ರಿಟನ್ನಿಗೆ ಮೀನು ಸಾಗಿಸಿದರು. ಯುದ್ಧ ಮುಗಿದ ಮೇಲೆ ಹಳೆಯ ವ್ಯವಸ್ಥೆಗೆ ಹಿಂದಿರುಗುವುದು ಸಾಧ್ಯವಿರಲಿಲ್ಲ.

1946ರ ಸೆಪ್ಟೆಂಬರ್ 14ರಂದು, ರಾಜಸತ್ತೆಯೊಳಗೇ ಉಳಿದು ಸೀಮಿತ ಸ್ವಾಡಳಿತ ಪಡೆಯುವ ಡೆನ್ಮಾರ್ಕಿನ ಪ್ರಸ್ತಾವವನ್ನು ಒಪ್ಪಬೇಕೋ ಪ್ರತ್ಯೇಕವಾಗಬೇಕೋ ಎಂದು ಮತದಾರರನ್ನು ಕೇಳಲಾಯಿತು. ಪ್ರತ್ಯೇಕತೆಯ ಪರ ಸುಮಾರು 160 ಮತಗಳಷ್ಟೇ ಹೆಚ್ಚು ಬಂದವು. ತಿರಸ್ಕೃತ ಮತಗಳೇ ಈ ಅಂತರಕ್ಕಿಂತ ಅಧಿಕವಾಗಿದ್ದವು. ಆದರೂ ಲಾಗ್ಟಿಂಗ್‌ನ ಬಹುಮತದ ಪಕ್ಷಗಳು ಸ್ವಾತಂತ್ರ್ಯ ಘೋಷಿಸಿದವು. ಡೆನ್ಮಾರ್ಕ್ ಅದನ್ನು ಮಾನ್ಯ ಮಾಡದೆ, ರಾಜನ ಆದೇಶದಿಂದ ಸಭೆಯನ್ನೇ ವಿಸರ್ಜಿಸಿತು, ಮತ್ತು ಮರುಚುನಾವಣೆಯಲ್ಲಿ ಡೆನ್ಮಾರ್ಕಿನೊಂದಿಗೆ ಉಳಿಯುವ ಪರವಾದ ಪಕ್ಷಗಳಿಗೆ ಬಹುಮತ ಬಂತು. ಇಷ್ಟು ಕಡಿಮೆ ಅಂತರದಲ್ಲಿ ಒಂದು ನಾಡಿನ ಭವಿಷ್ಯ ನಿರ್ಧರಿಸುವುದು ಸರಿಯೇ ಎಂಬ ಆಕ್ಷೇಪ ಗಂಭೀರವಾದದ್ದೇ. ಆದರೆ ತಾನೇ ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನು ಆಳುವವರು ಬದಿಗೊತ್ತಿದ್ದು ಅದಕ್ಕಿಂತ ದೊಡ್ಡ ಅನ್ಯಾಯವೆಂದೇ ನನ್ನ ಎಣಿಕೆ.

ರಾಜಿಯಾಗಿ ಬಂದದ್ದು 1948ರ ಸ್ವಾಡಳಿತ ಕಾಯಿದೆ. ಮೀನುಗಾರಿಕೆ, ತೆರಿಗೆ, ಶಿಕ್ಷಣ ಮುಂತಾದ ವಿಷಯಗಳು ಕ್ರಮೇಣ ದ್ವೀಪಗಳ ಕೈಸೇರಿದವು; ರಕ್ಷಣೆ, ವಿದೇಶಾಂಗ ನೀತಿ, ಸರ್ವೋಚ್ಚ ನ್ಯಾಯಾಲಯ ಮತ್ತು ಹಣಕಾಸು ನೀತಿ ಡೆನ್ಮಾರ್ಕಿನಲ್ಲೇ ಉಳಿದವು. ಡ್ಯಾನಿಶ್ ಸಂಸತ್ತಿನಲ್ಲಿ ಫರೋಗೆ ಎರಡು ಸ್ಥಾನಗಳಿವೆ. 1973ರಲ್ಲಿ ಡೆನ್ಮಾರ್ಕ್ ಯುರೋಪಿಯನ್ ಸಮುದಾಯ ಸೇರಿದಾಗ, ತಮ್ಮ ಮೀನುಗಾರಿಕಾ ಜಲಪ್ರದೇಶ ಹಂಚಿಹೋದೀತೆಂದು ಫರೋ ಹೊರಗುಳಿಯಿತು.

ಸ್ವಾತಂತ್ರ್ಯದ ಚರ್ಚೆ 2000ರಲ್ಲಿ ಮತ್ತೆ ಎದ್ದಾಗ, ಡೆನ್ಮಾರ್ಕ್ ತನ್ನ ವಾರ್ಷಿಕ ಅನುದಾನವನ್ನು ನಾಲ್ಕೇ ವರ್ಷಗಳಲ್ಲಿ ನಿಲ್ಲಿಸುವುದಾಗಿ ಹೇಳಿದ್ದರಿಂದ ಮಾತುಕತೆ ಮುರಿದುಬಿತ್ತು. 2005ರ ಕಾಯಿದೆ ಇನ್ನಷ್ಟು ಅಧಿಕಾರಗಳ ವರ್ಗಾವಣೆಗೆ ದಾರಿ ಮಾಡಿತಾದರೂ, ಫರೋದ ಸ್ವಂತ ಸಂವಿಧಾನದ ಕುರಿತು 2018ರ ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ಜನಮತಗಣನೆಯನ್ನು ಮುಂದೂಡಲಾಯಿತು.