ಜಗಳದಲ್ಲಿ ಮಾತು ನಿಲ್ಲಿಸಿದವರ ಎದೆಬಡಿತ

ಜಗಳ ಜೋರಾದಾಗ ಒಬ್ಬರು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ ಮುಖ ತಿರುಗಿಸಿಬಿಡುತ್ತಾರೆ. ನಾನು ಇವರಿಗೆ ಲೆಕ್ಕಕ್ಕೇ ಇಲ್ಲ ಅನ್ನಿಸಿ ಇನ್ನೊಬ್ಬರು ದನಿ ಏರಿಸುತ್ತಾರೆ. ದನಿ ಏರಿದಷ್ಟೂ ಮೌನ ಗಟ್ಟಿಯಾಗುತ್ತದೆ. ಗಂಡ ಹೆಂಡಿರಲ್ಲಿ, ಜೀವದ ಗೆಳೆಯರಲ್ಲಿ ಇದೇ ಸುತ್ತು ಮರುಕಳಿಸಿದರೆ ರಾಶಿ ಕೂಡಿಬಂದಿಲ್ಲ ಎಂದು ಜಾತಕ ಹಿಡಿದು ಹೊರಡುವವರನ್ನು ಕಂಡು ಸಂಕಟವಾಗುತ್ತದೆ. ಕಾರಣ ಅಷ್ಟು ದೂರದಲ್ಲಿಲ್ಲ.

1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್‌ಸನ್ ದಂಪತಿಗಳನ್ನು ಎದುರುಬದುರು ಕೂರಿಸಿ, ಎದೆಬಡಿತ ಅಳೆಯಲು ಮೈಗೆ ತಂತಿ ಅಂಟಿಸಿ, ತಕರಾರಿನ ವಿಷಯವನ್ನೇ 15 ನಿಮಿಷ ಮಾತಾಡಿಸಿದರು. ಹೊರಗೆ ಕಲ್ಲಿನಂತೆ ಕೂತವರ ಎದೆ ಒಳಗೆ ಡವಗುಟ್ಟುತ್ತಿತ್ತು. ನಿಮಿಷಕ್ಕೆ 100 ಬಡಿತ ದಾಟಿದ ಮೇಲೆ ಎದುರಿನವರ ಮಾತು ಸರಿಯಾಗಿ ತಲೆಗೆ ಹೋಗುವುದಿಲ್ಲ ಎನ್ನುತ್ತಾರೆ ಗಾಟ್‌ಮನ್.

ಇದರ ಬೇರು ಹಳೆಯದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಎಕ್ಸ್-ರೇಯಲ್ಲಿ ಬೆಕ್ಕುಗಳ ಜೀರ್ಣಕ್ರಿಯೆ ನೋಡುತ್ತಿದ್ದಾಗ, ಬೆಕ್ಕು ಕಳವಳಗೊಂಡ ಕೂಡಲೇ ಜಠರದ ಚಲನೆ ನಿಂತುಬಿಡುತ್ತಿತ್ತು. ಆ ಬೆರಗೇ ಅವರನ್ನು, ಅಪಾಯ ಕಂಡಾಗ ಎದೆಬಡಿತ ಏರಿಸುವ ಅಡ್ರಿನಲಿನ್ ಎಂಬ ಹಾರ್ಮೋನಿನವರೆಗೆ ಕರೆದೊಯ್ದಿತು. ಕಾದಾಡು ಇಲ್ಲವೇ ಓಡಿಹೋಗು ಎಂಬ ದೇಹದ ಸಿದ್ಧತೆಯನ್ನು ಅವರು 1915ರಲ್ಲಿ ವಿವರಿಸಿದರು. ಪ್ರೀತಿಯವರ ಚುಚ್ಚುಮಾತಿಗೂ ಎದ್ದು ನಿಲ್ಲುವುದು ಇದೇ ವ್ಯವಸ್ಥೆ. ಒಲೆ ಆರಿಸಿದರೂ ಕಾವಲಿ ಕಾದೇ ಇರುವಂತೆ, ಮಾತು ನಿಂತರೂ ಮೈ ತಕ್ಷಣ ತಣಿಯದು.

ಗಾಟ್‌ಮನ್ ಒಮ್ಮೆ ಉಪಕರಣ ಸರಿಪಡಿಸಬೇಕೆಂಬ ನೆಪದಲ್ಲಿ ಜಗಳ ನಿಲ್ಲಿಸಿ, ದಂಪತಿಗಳ ಕೈಗೆ ಅರ್ಧ ಗಂಟೆ ಪತ್ರಿಕೆ ಕೊಟ್ಟರು. ಮತ್ತೆ ಮಾತು ಶುರುವಾದಾಗ ಎದೆಬಡಿತ ಇಳಿದಿತ್ತು, ಮಾತೂ ಮೆದುವಾಗಿತ್ತು.

ಮನೆಯಲ್ಲೂ ಇದು ಸಾಧ್ಯ. ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ. 25 ದಾಟಿದರೆ ಮಾತು ನಿಲ್ಲಿಸಿ. ಆದರೆ ಸುಮ್ಮನೆ ಎದ್ದುಹೋಗಬೇಡಿ, ಅದು ಇನ್ನೊಬ್ಬರ ಎದೆಬಡಿತವನ್ನು ಏರಿಸುತ್ತದೆ. 'ನನಗೀಗ ತಲೆ ಓಡುತ್ತಿಲ್ಲ, ಎಂಟೂವರೆಗೆ ಮಾತಾಡೋಣ' ಎಂದು ಸಮಯ ಹೇಳಿ. ಬಿಡುವು ಕನಿಷ್ಠ 20 ನಿಮಿಷ ಇರಲಿ. ಬಹಳಷ್ಟು ಜನ ಎಡವುವುದು ಇಲ್ಲೇ: ಆ ಹೊತ್ತಲ್ಲೂ ಮನಸ್ಸಿನೊಳಗೆ ವಾದ ಮುಂದುವರಿಸಿ, ಹೊಸ ಉತ್ತರ ಹೊಸೆಯುತ್ತಾರೆ. ಆಗ ಮೈ ತಣಿಯುವುದೇ ಇಲ್ಲ. ನಡೆದಾಡಿ, ಪಾತ್ರೆ ತೊಳೆಯಿರಿ, ಏನಾದರೂ ಓದಿ. ಹೇಳಿದ ಹೊತ್ತಿಗೆ, ಮಾತು ನಿಲ್ಲಿಸಿದವರೇ ಮರಳಿ ಬಂದು ಶುರುಮಾಡಬೇಕು.

ದಿನಗಟ್ಟಲೆ ಮಾತು ಬಿಟ್ಟು ಶಿಕ್ಷಿಸುವುದು ಬೇರೆಯೇ ಸಂಗತಿ, ಅದಕ್ಕೆ ಈ ಉಪಾಯ ಸಲ್ಲದು. ಇನ್ನು ಹೊಡೆತದ ಭಯವಿರುವ ಮನೆಯಲ್ಲಿ ನಾಡಿ ಎಣಿಸುತ್ತ ಕೂರಬಾರದು. ಮಹಿಳೆಯರಿಗೆ 181 ಸಹಾಯವಾಣಿ ಇದೆ.