ದೊಡ್ಡ ಡಾಕ್ಟರು, ಊರ ಡಾಕ್ಟರು ಮತ್ತು ವಿಯೆನ್ನಾದ ಎರಡು ವಾರ್ಡು

"ದೊಡ್ಡ ದವಾಖಾನಿಗೆ ಬರದು ಕೊಡಬ್ಯಾಡ್ರಿ ಸರ, ಅಲ್ಲಿ ಹೋದ ಬಾಣಂತೇರು ಉಳಿಯಂಗಿಲ್ಲ." ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಇದು ಹೊಸ ಮಾತೇನಲ್ಲ. ಇದಕ್ಕೆ ಉಲ್ಟಾ ಮಾತೂ ಇದೆ: ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಎಂಬಿಬಿಎಸ್ ಡಾಕ್ಟರಿಗೆ ಏನು ಗೊತ್ತು, ತಿಂಗಳು ತಿಂಗಳು ಸ್ಪೆಷಲಿಸ್ಟ್‌ಗೇ ತೋರಿಸಬೇಕು. ಎರಡರಲ್ಲೂ ಲೆಕ್ಕವೇ ಎಡವಟ್ಟು.

ಸಿಂಧನೂರಿನ ಗ್ಯಾರೇಜಿನ ಮುಂದೆ ಕೆಟ್ಟ ಟ್ರ್ಯಾಕ್ಟರ್‌ಗಳೇ ನಿಂತಿರುತ್ತವೆ. ಹಾಗಂತ ಗ್ಯಾರೇಜಿನವನೇ ಕೆಡಿಸಿದ ಅನ್ನೋಕಾಗುತ್ತಾ? ಬಿಪಿ 140/90 ದಾಟಿದವರು, ಅವಳಿ ಹೊತ್ತವರು, ಮಗು ಅಡ್ಡ ಇರುವವರು, ಮೊದಲ ಹೆರಿಗೆ ಸಿಜೇರಿಯನ್ ಆದವರು, ಇವರೆಲ್ಲ ಪ್ರಸೂತಿ ತಜ್ಞರ ಹತ್ತಿರ ಹೋಗಬೇಕಾದವರು. ತೊಂದರೆ ಇಲ್ಲದವರು ಊರಲ್ಲೇ ಉಳಿಯುತ್ತಾರೆ. ಹೀಗೆ ಮೊದಲೇ ಬೇರ್ಪಡಿಸಿ, ಆಮೇಲೆ "ಎಲ್ಲಿ ಸಾವು ಜಾಸ್ತಿ?" ಅಂತ ಕೇಳಿದರೆ ತಜ್ಞರು ಸೋಲದೆ ಇನ್ನೇನು?

ದೊಡ್ಡಾಸ್ಪತ್ರೆಯಲ್ಲಿ ತಪ್ಪೇ ಆಗಲ್ಲ ಅಂತಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ, ಸರ್ಕಾರ ಒಂದು ಕಂಪನಿಯ ಡ್ರಿಪ್ ದ್ರಾವಣವನ್ನೇ ತಡೆಹಿಡಿಯಿತು. ಆದರೆ ಅಂಥ ತಪ್ಪನ್ನೂ ಈ ಲೆಕ್ಕದ ಎಡವಟ್ಟನ್ನೂ ಕಲಸಬಾರದು.

ಸರಿಯಾದ ಹೋಲಿಕೆ ಬೇಕಂದ್ರೆ ಗರ್ಭಿಣಿಯರನ್ನು ಚೀಟಿ ಎತ್ತಿ ಹಂಚಬೇಕು. ಬೇಕಂತಲ್ಲದೆ ಹಾಗೇ ನಡೆದದ್ದು ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ. ಅಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಯಾವ ವಾರ್ಡಿಗೆ ಸೇರಿಸಬೇಕು ಅನ್ನೋದನ್ನು ವಾರದ ದಿನ ನೋಡಿ ತೀರ್ಮಾನಿಸುತ್ತಿದ್ದರು, ರೋಗ ನೋಡಿ ಅಲ್ಲ. 1846ರಲ್ಲಿ ಡಾಕ್ಟರ ವಾರ್ಡಿನಲ್ಲಿ ನೂರಕ್ಕೆ 11 ತಾಯಂದಿರು ಸತ್ತರು, ಸೂಲಗಿತ್ತಿಯರ ವಾರ್ಡಿನಲ್ಲಿ 3ಕ್ಕೂ ಕಡಿಮೆ! ಎರಡೂ ಕಡೆ ಒಂದೇ ಥರದ ಹೆಂಗಸರು, ಹಾಗಾಗಿ ಗುಮಾನಿ ಕೊನೆಗೆ ಡಾಕ್ಟರ ಕೈ ಮೇಲೆ ಬಿತ್ತು. ಅವರು ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ತಿಂಗಳಿಂದ ಸೆಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸಿದರು. ಮರುವರ್ಷ ಆ ವಾರ್ಡಿನಲ್ಲೂ ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು.

ತಿಂಗಳು ತಿಂಗಳು ಸ್ಪೆಷಲಿಸ್ಟ್‌ಗೇ ತೋರಿಸಬೇಕಾ ಅನ್ನೋ ಪ್ರಶ್ನೆಗೂ ಚೀಟಿ ಎತ್ತಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಅಪಾಯದ ಲಕ್ಷಣ ಇಲ್ಲದ 1765 ಗರ್ಭಿಣಿಯರನ್ನು ಎರಡು ಪಾಲು ಮಾಡಿದರು. ಒಂದು ಪಾಲಿನ ತಪಾಸಣೆ ಊರಿನ ಡಾಕ್ಟರು ಮತ್ತು ಸೂಲಗಿತ್ತಿಯರದು, ಇನ್ನೊಂದು ತಜ್ಞರ ಉಸ್ತುವಾರಿಯದು. 1996ರಲ್ಲಿ ಬಂದ ಫಲಿತಾಂಶ: ತೊಂದರೆ ಇಲ್ಲದವರನ್ನು ಸುಮ್ನೆ ತಜ್ಞರಿಗೆ ತೋರಿಸುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಇದು ಬಸುರಿನ ತಪಾಸಣೆಯ ಮಾತು, ಹೆರಿಗೆಯದಲ್ಲ.

ಹೆರಿಗೆಯಲ್ಲಿ ಒಂದು ತೊಡಕಿದೆ. ಒಂಬತ್ತು ತಿಂಗಳು ಎಲ್ಲ ಸರಿ ಇದ್ದವಳಿಗೂ ಕೊನೆಯ ಗಳಿಗೆಯಲ್ಲಿ ರಕ್ತಸ್ರಾವ ಆಗಬಹುದು. ದಿನ ತುಂಬಿದ ಗರ್ಭಕೋಶದೊಳಗೆ ಪ್ರತಿ ನಿಮಿಷ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಮಾಸು ಕಳಚಿದ ಜಾಗದಲ್ಲಿ ಆ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಅವನ್ನು ಮುಚ್ಚೋದು ಯಾರು? ಗರ್ಭಕೋಶದ ಸ್ನಾಯುವೇ. ಅದರ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡಿವೆ, ನಾಳಗಳು ಆ ಸಂದಿಯಲ್ಲೇ ಹಾದುಹೋಗುತ್ತವೆ. ಸ್ನಾಯು ಗಟ್ಟಿಯಾದರೆ ಎಳೆಗಳು ನಾಳಗಳನ್ನು ಹಿಚುಕಿ ಬಾಯಿ ಕಟ್ಟುತ್ತವೆ. ಸಡಿಲ ಬಿದ್ದರೆ ರಕ್ತ ನಿಲ್ಲುವುದಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟರೆ ಸಾಕು, ಗರ್ಭಕೋಶ ಗಟ್ಟಿಯಾಗಿದೆಯೋ ಮೆತ್ತಗಿದೆಯೋ ನರ್ಸಮ್ಮನಿಗೆ ಗೊತ್ತಾಗುತ್ತದೆ.

ಈ ರಕ್ತಸ್ರಾವ ತಡೆಯಲು, ಗರ್ಭಕೋಶ ಗಟ್ಟಿಯಾಗಲಿ ಅಂತ, ಮಗು ಹುಟ್ಟಿದ ತಕ್ಷಣ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ತಜ್ಞರೇ ಬೇಕಂತಿಲ್ಲ, ತರಬೇತಾದ ಸ್ಟಾಫ್ ನರ್ಸ್ ಸಾಕು. ಆದರೆ ಆ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ರಾಯಚೂರಿನ ಮೇ ತಿಂಗಳಲ್ಲಿ, ಕರೆಂಟ್ ಹೋದ ಮಧ್ಯಾಹ್ನ, ಪಿಎಚ್‌ಸಿಯ ಫ್ರಿಜ್ ಹೇಗಿದೆ ಅಂತ ಕೇಳೋರು ಎಷ್ಟು ಜನ?

ಇಂಜೆಕ್ಷನ್ನಿಗೂ ನಿಲ್ಲದಿದ್ದರೆ ರಕ್ತ ಬೇಕು, ಆಪರೇಷನ್ ಥಿಯೇಟರ್ ಬೇಕು. ಅವು ಪಿಎಚ್‌ಸಿಯಲ್ಲಿಲ್ಲ. ಗಟ್ಟಿಮುಟ್ಟಾದವಳು ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಳ್ಳಬಹುದು. ರಕ್ತಹೀನತೆ ಇದ್ದವಳಿಗೆ ಅಷ್ಟೇ ಜೀವಕ್ಕೆ ಬರಬಹುದು. ಅದಕ್ಕೇ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ನೋವು ಶುರುವಾಗೋ ತನಕ ಕಾಯಬಾರದು. ಊರ ಡಾಕ್ಟರು "ದೊಡ್ಡ ದವಾಖಾನಿಗೆ ಹೋಗ್ರಿ" ಅಂತ ಚೀಟಿ ಬರೆದರೆ, ಅದೇ ಅವರ ಒಳ್ಳೆಯ ಚಿಕಿತ್ಸೆ.